ಕೈ ತೊಳೆಯುವ ತನಕ

ವಸಂತ ಮದುವೆ ಮನೆಗಳ ವಿಡಿಯೋದವನು. ಕೆ. ಹೊಸಕೋಟೆಯ ಸುತ್ತಮುತ್ತ ಯಾರ ಮನೆಯ ಧಾರೆಯಾದರೂ ಅವನ ಕ್ಯಾಮೆರಾದ ಮುಂದೆಯೇ ಆಗಬೇಕು. ಲೈಟು ಹಿಡಿಯುವವನು ಮಂಜುನಾಥ. ಆರು ವರ್ಷದಿಂದ ಇಬ್ಬರದೂ ಒಂದೇ ಬೈಕು, ಒಂದೇ ಬುತ್ತಿ. ಊರಿನ ಕಣ್ಣಿಗೆ ಅವರು ಪಾಲುದಾರರು. ಅದಕ್ಕಿಂತ ಹೆಚ್ಚಿನದೇನಿದ್ದರೂ ತಮ್ಮಿಬ್ಬರಿಗೆ ಮಾತ್ರ ಗೊತ್ತು ಅಂತ ನಂಬಿಕೊಂಡಿದ್ದರು, ಪಾಪ.

೨೦೦೭ರಲ್ಲಿ, ಕಾಫಿ ಕೊಯ್ಲು ಮುಗಿಯುತ್ತಿದ್ದ ಹೊತ್ತಿಗೆ, ಪೂಜಿತಾ ಎಂಬ ಹುಡುಗಿ ಬೆಂಗಳೂರಿನಿಂದ ಬಂದಳು. ಸ್ವಂತ ಖರ್ಚಿನಲ್ಲಿ ಕಿರುಚಿತ್ರ ಮಾಡುವವಳು. ಒಬ್ಬರನ್ನೊಬ್ಬರು ಪ್ರೀತಿಸುವ ಇಬ್ಬರು ಗಂಡಸರ ಕಥೆಯಂತೆ. ಬಾಡಿಗೆಗೆ ಕ್ಯಾಮೆರಾ ಬೇಕು, ತೋಟದ ಮಗ್ಗುಲಿನ ಮನೆಯೊಂದು ಬೇಕು ಅಂದಳು. ಕಥೆ ಕೇಳಿ ವಸಂತನಿಗೆ ಅಳುಕಾಯಿತು. ಆದರೂ ಬಾಯಿ ತಾನಾಗಿಯೇ ಹೂಂ ಅಂದುಬಿಟ್ಟಿತು, ತನ್ನ ಮನೆಯನ್ನೇ ಕೊಟ್ಟ.

ಎಡವಟ್ಟಾದದ್ದು ಅಲ್ಲೇ. ಶೂಟಿಂಗಿನ ದಿನ ತಾಯಿಯ ಪಾತ್ರ ಮಾಡಬೇಕಾದ ಹೆಂಗಸು ಜ್ವರವೆಂದು ಬರಲಿಲ್ಲ. ಅತ್ತಿತ್ತ ನೋಡಿದ ಪೂಜಿತಾ ಒಲೆಯ ಮುಂದಿದ್ದ ವಸಂತನ ತಾಯಿ ವಿಶಾಲಮ್ಮನನ್ನೇ ಹಿಡಿದಳು. ಕಥೆಯನ್ನು ಮುಚ್ಚುಮರೆಯಿಲ್ಲದೆ ಹೇಳಿದಳು. ಊಟಕ್ಕೆ ಕೂತ ಮಗ ಪಕ್ಕದ ಗೆಳೆಯನನ್ನು ತೋರಿಸಿ, ಬಾಳಿದರೆ ಇವನ ಜೊತೆಯೇ ಅನ್ನುತ್ತಾನೆ. ತಾಯಿ ಆ ಗೆಳೆಯನನ್ನು ಎಬ್ಬಿಸಿ ಆಚೆಗೆ ಅಟ್ಟಬೇಕು. ವಿಶಾಲಮ್ಮ ಎಲ್ಲ ಕೇಳಿ, ಸೆರಗು ಸರಿಮಾಡಿಕೊಂಡು ಆಯ್ತು ಅಂದಳು.

ವಸಂತನಿಗೆ ದಿಗಿಲಾಯಿತು. ಅವ್ವನಿಗೆ ನಟನೆ ಎಲ್ಲಿಂದ ಬರಬೇಕು? ಇವತ್ತು ಗೆಳೆಯನ ಪಾತ್ರದ ಹುಡುಗನಿಗೆ ಏನನ್ನುತ್ತಾಳೋ ನಾಳೆ ಮಂಜುನಾಥನಿಗೂ ಅದನ್ನೇ ಅನ್ನುವವಳು.

ವಸಂತ ಕ್ಯಾಮೆರಾ ಓಡಿಸಿದ, ಮಂಜುನಾಥ ಲೈಟು ಹಿಡಿದ. ಮಗನ ಪಾತ್ರದವನು ತನ್ನ ಮಾತು ಹೇಳಿದ. ವಿಶಾಲಮ್ಮ ಗೆಳೆಯನ ಪಾತ್ರದ ಹುಡುಗನ ತಟ್ಟೆ ನೋಡಿ, ಇನ್ನೊಂದು ಕಡುಬು ಹಾಕಿದಳು. ಪೂಜಿತಾ ನಿಲ್ಲಿಸಿ, ಹೀಗಲ್ಲಮ್ಮಾ ಅಂದಳು.

"ತಟ್ಟೆಗೆ ಕೈ ಇಕ್ಕಿದೋನ್ನ ಎಬ್ಬಿಸ್ತಾರೇನವ್ವ? ಸಿಟ್ಟು ಏನೇ ಇದ್ರೂ ಅವ್ನು ಕೈ ತೊಳೆದ್ಮೇಲೆ," ಅಂದಳು ವಿಶಾಲಮ್ಮ.

ಸರಿ, ಉಣ್ಣಲಿ, ಕೈ ತೊಳೆದ ಮೇಲೇ ಅಟ್ಟಿ, ಅಲ್ಲಿಯ ತನಕ ಕ್ಯಾಮೆರಾ ಓಡುತ್ತಲೇ ಇರಲಿ ಎಂದು ಪೂಜಿತಾ ಒಪ್ಪಿದಳು.

ಹುಡುಗ ಉಂಡ. ತಟ್ಟೆ ಬರಿದಾಗುತ್ತಿದ್ದ ಹಾಗೆ ವಿಶಾಲಮ್ಮ ಮತ್ತೊಂದು ಕಡುಬು ಹಾಕಿ ಕೋಳಿಸಾರು ಬಿಟ್ಟಳು. ಅದು ಮುಗಿಯುವಷ್ಟರಲ್ಲಿ ಮತ್ತೊಂದು. ಹುಡುಗ ಕೈ ಅಡ್ಡ ಹಿಡಿದ, ಬೆರಳ ಸಂದಿಯಲ್ಲೇ ಹಾಕಿದಳು. ಮೊದಮೊದಲು ಎಲ್ಲರೂ ಬಾಯಿ ಮುಚ್ಚಿಕೊಂಡು ನಕ್ಕರು. ಆಮೇಲೆ ನಗು ತಾನಾಗಿ ನಿಂತಿತು.

ವಸಂತನಿಗೆ ಹೊಳೆದೇ ಹೋಯಿತು. ಕೈ ತೊಳೆದರೆ ತಾನೆ ಅಟ್ಟಬೇಕು? ಅವ್ವ ಅವನಿಗೆ ಕೈ ತೊಳೆಯಲು ಬಿಡುತ್ತಿಲ್ಲ. ಅಬ್ಬಾ, ಎಂಥ ಹೆಂಗಸು ಇವಳು! ಎಷ್ಟು ಮದುವೆಗಳಲ್ಲಿ ಎಷ್ಟು ತಾಯಂದಿರ ಮುಖ ತೆಗೆದವನು, ತನ್ನ ತಾಯಿಯ ಮುಖವನ್ನು ಇವತ್ತೇ ಮೊದಲು ನೋಡುತ್ತಿದ್ದೇನೆ ಅನ್ನಿಸಿತು ಅವನಿಗೆ.

ಕೊನೆಗೆ ಪಾತ್ರೆಯೇ ಬರಿದಾಯಿತು. ಹುಡುಗ ಏಳಲು ಹೊರಟ. ಇನ್ನು ಮಾತಾಡದೆ ವಿಧಿಯಿಲ್ಲ. ವಿಶಾಲಮ್ಮ ಸೌಟು ಕೆಳಗಿಟ್ಟಳು. ಅವಳ ನೋಟ ಆ ಹುಡುಗನನ್ನು ದಾಟಿ, ಕ್ಯಾಮೆರಾದ ಪಕ್ಕ ಲೈಟು ಹಿಡಿದು ನಿಂತಿದ್ದ ಮಂಜುನಾಥನ ಮೇಲೆ ನಿಂತಿತು.

"ಹೋಗು ಅನ್ನಕ್ಕೆ ನಂಗೆ ಬಾಯಿ ಬರಲ್ಲ ಕಣಪ್ಪ. ನಾನು ಹೋದ್ಮೇಲೆ ನನ್ ಮಗನ್ನ ಒಬ್ಬನ್ನೇ ಬುಟ್ಬುಡಬ್ಯಾಡ. ಹೂಂ ಅನ್ನು."

ವಸಂತನ ಕಣ್ಣು ತುಂಬಿ ಏನೂ ಕಾಣದಾಯಿತು, ಆದರೂ ಕ್ಯಾಮೆರಾ ಇಳಿಸಲಿಲ್ಲ. ಆರು ವರ್ಷ ಅವಳ ಕೈಯಡುಗೆ ಉಂಡರೂ ಮಂಜುನಾಥ ಅವಳನ್ನು ಅಮ್ಮಾವ್ರೇ ಅಂತಲೇ ಕರೆಯುತ್ತಿದ್ದವನು.

"ಹೂಂ ಕಣವ್ವ," ಅಂದ.