ಟೀವಿಗಾಗಿ ಬಿಚ್ಚಿದ ಪ್ಯಾರಾಚೂಟ್

ಗಗನಯಾತ್ರಿಗಳನ್ನು ಬಾಹ್ಯಾಕಾಶದಿಂದ ಭೂಮಿಗೆ ಹೊತ್ತು ತರುವ ಕೋಶದ, ಅಂದರೆ ಕ್ಯಾಪ್ಸೂಲಿನ, ಸರ್ಕಾರಿ ಗುತ್ತಿಗೆಗೆ ಮೊಹಾವಿ ಮರುಭೂಮಿಯ ನಮ್ಮ ಸಣ್ಣ ಕಂಪನಿಯೂ ಒಂದು ದೊಡ್ಡ ಕಂಪನಿಯೂ ಪೈಪೋಟಿಗೆ ಬಿದ್ದಿದ್ದವು. ಮರುದಿನ ಬೆಳಿಗ್ಗೆ ಸರ್ಕಾರದವರ ಎದುರು ನಮ್ಮ ಕೋಶವನ್ನು ವಿಮಾನದಿಂದ ಬಿಟ್ಟು ಪ್ಯಾರಾಚೂಟಿನಲ್ಲಿ ಇಳಿಸಿ ತೋರಿಸಬೇಕಿತ್ತು. ಅದರ ನಡುವೆ ಟೀವಿಯವರು ಬಂದು ಕೂತಿದ್ದರು. ಗೆದ್ದವರನ್ನು ನಮ್ಮ ಕೋಶದಲ್ಲಿ ಬಾಹ್ಯಾಕಾಶಕ್ಕೆ ಕಳಿಸುವ ಟೀವಿ ಸ್ಪರ್ಧೆಯಂತೆ. ಆ ಹುಚ್ಚಾಟ ನನಗೆ ಹಿಡಿಸಿರಲಿಲ್ಲ. ಆದರೆ ನಮ್ಮ ಸಂಬಳ ಬರುತ್ತಿದ್ದುದು ಅವರಿಂದಲೇ.

ಪ್ಯಾರಾಚೂಟ್ ಮಡಿಸುವವಳು ನಾನು. ಮಡಿಸಿ ತುಂಬಿದ ಚೀಲದ ಬಾಯಿ ಕಟ್ಟಿ, ಮೊಹರು ಹಾಕಿ, ಚೀಟಿಯ ಮೇಲೆ ಹೆಸರು ಬರೆದ ಮೇಲೆ ಅದನ್ನು ಯಾರೂ ತೆರೆಯುವಂತಿಲ್ಲ. ತೆರೆದರೆ ಪೂರ್ತಿ ಬಿಚ್ಚಿ ಮೊದಲಿನಿಂದ ಮಡಿಸಬೇಕು. ಅದು ಒಂದು ದಿನದಲ್ಲಿ ಮುಗಿಯುವ ಕೆಲಸವಲ್ಲ.

ಊಟ ಮುಗಿಸಿ ಬಂದರೆ ಚೀಲದ ಬಾಯಿ ತೆರೆದಿತ್ತು. ಟೀವಿಯ ನಿರೂಪಕ ಟ್ರೆಂಟ್ ಕ್ಯಾಮೆರಾ ಮುಂದೆ ನಿಂತಿದ್ದ.

"ಬನ್ನಿ ವಿಲ್ಮಾ ಮೇಡಂ, ಕೊನೇ ಗಂಟು ಇನ್ನೊಂದ್ಸಲ ಕಟ್ಟಿಬಿಡಿ. ಬೆಳಕು ಚೆನ್ನಾಗಿದೆ."

"ಯಾರು ಬಿಚ್ಚಿದ್ದು ಇದನ್ನ?"

"ನಾನೇ ಕಣೇ," ಎಂದ ನಮ್ಮ ಮಾಲೀಕ ಡೆಲ್ಬರ್ಟ್. "ಬರೀ ಬಾಯಿ ಬಿಚ್ಚಿದ್ದು."

"ನಿನ್ನ ಬಾಯಿಗೂ ಒಂದು ಮೊಹರು ಹಾಕ್ಬೇಕಿತ್ತು."

"ಬೈಕೋ. ಆದ್ರೆ ಕಟ್ಟಿ ಹೆಸರು ಹಾಕು. ನಾಳೆ ತಪ್ಪಿದ್ರೆ ಗುತ್ತಿಗೆ ಆ ದೊಡ್ಡ ಕಂಪನಿ ಪಾಲಾಗುತ್ತೆ. ನಾವು ಬಾಗಿಲು ಹಾಕ್ಕೋಬೇಕು."

"ನಾಳೆ ಕೋಶದ ಒಳಗಿರೋದು ಮರಳಿನ ಮೂಟೆ. ಆಮೇಲೆ ಕೂರೋದು ಮನುಷ್ಯರು. ನಾನು ಹಾಕಲ್ಲ. ಬೇಕಿದ್ರೆ ನೀನೇ ಹಾಕ್ಕೋ."

ಅವನು ಪೆನ್ನು ತೆಗೆದುಕೊಂಡ. ಚೀಟಿಯನ್ನು ನೋಡುತ್ತಲೇ ನಿಂತ. ನಮ್ಮ ಕೋಶಕ್ಕಾಗಿ ವರ್ಷಗಟ್ಟಲೆ ಶೆಡ್ಡಿನಲ್ಲೇ ಡಬ್ಬಿಯ ಬೀನ್ಸ್ ತಿಂದು ಮಲಗಿದವನು ಅವನು. ಕೊನೆಗೆ ಪೆನ್ನು ಕೆಳಗಿಟ್ಟು ಸರ್ಕಾರದ ಅಧಿಕಾರಿಗೆ ಫೋನ್ ಮಾಡಿದ.

"ಕಟ್ಟಿದ ಚೀಲ ಬಿಚ್ಚಿಬಿಟ್ಟೆ ಮೇಡಂ. ಟೀವಿಗೋಸ್ಕರ. ನಾಳೆ ಆಗಲ್ಲ."

ಆಚೆಯ ಉತ್ತರ ಕೇಳಿ ಫೋನ್ ಇಟ್ಟ. "ನಾಳಿನ ವಿಮಾನ ಆ ದೊಡ್ಡ ಕಂಪನಿಗಂತೆ. ಅವರದು ಕೆಟ್ರೆ ಮಾತ್ರ ನಮ್ಮನ್ನ ಕರೀತಾರಂತೆ."

"ಸಾರ್, ಆ ಫೋನ್ ಇನ್ನೊಂದ್ಸಲ ಮಾಡ್ತೀರಾ?" ಎಂದ ಟ್ರೆಂಟ್. "ನಿಮ್ಮ ಕಣ್ಣಲ್ಲಿ ನೀರು ಬಂದಿತ್ತು, ನಮಗೆ ಸಿಗಲಿಲ್ಲ."

ಡೆಲ್ಬರ್ಟ್ ಹೋಗಿ ಬಾಗಿಲು ತೆರೆದು ಹಿಡಿದ. "ಹೊರಡಪ್ಪ. ನಿನ್ನ ಕ್ಯಾಮೆರಾನೂ ತಗೊಂಡು ಹೋಗು."

ಸಂಬಳವೂ ಟೀವಿಯವರ ಹಿಂದೆಯೇ ಹೋಯಿತು ಎಂದುಕೊಂಡೆ. ಅವನಿಗೆ ಬೈಯಲು ನಾಲಿಗೆ ತುದಿಯಲ್ಲಿ ಸಾಕಷ್ಟು ಮಾತುಗಳಿದ್ದವು. ಅಷ್ಟರಲ್ಲಿ ಅವನು ಬಟ್ಟೆಗೆ ಸಿಕ್ಕದಂತೆ ಗಡಿಯಾರ, ಉಂಗುರ ಬಿಚ್ಚಿಟ್ಟು, ಮಡಿಸುವ ಉದ್ದನೆಯ ಮೇಜಿನ ಆ ತುದಿಗೆ ಹೋಗಿ ಪ್ಯಾರಾಚೂಟಿನ ಹಗ್ಗ ಬಿಗಿಯಾಗಿ ಹಿಡಿದು ನಿಂತಿದ್ದ.

"ಕರೆದ್ರೆ ರೆಡಿ ಇರ್ಬೇಕಲ್ಲ," ಎಂದ. "ಎಲ್ಲಿ ಹಿಡೀಲಿ, ಹೇಳು."

"ಅಷ್ಟು ಬಿಗಿ ಬೇಡ," ಎಂದೆ. "ಸ್ವಲ್ಪ ಸಡಿಲ ಬಿಡು."