ರಾಗಿ ಗಂಜಿಯ ಕೊಚ್ಚೆ

ಚರಂಡಿ ಬಳಿಯುವ ರೋಬೋಟಿಗೆ ಚರಂಡಿಯ ವಾಸನೆ ತಗಲಬಾರದಂತೆ! ಬಂಗಾರಪೇಟೆಯ ಒಂದು ಖಾಸಗಿ ಕಾಲೇಜಿನ ಸಾಯಿಕುಮಾರ್ ಸರ್ ಹೊರಡಿಸಿದ ಕಟ್ಟಪ್ಪಣೆ ಅದು. ಬೆಂಗಳೂರಿನ ರೋಬೋಟ್ ಸ್ಪರ್ಧೆಯಲ್ಲಿ ತೀರ್ಪುಗಾರರು ಮೂಗು ಮುಚ್ಚಿಕೊಂಡರೆ ಏನು ಗತಿ? ಆದ್ದರಿಂದ ಅಭ್ಯಾಸವೆಲ್ಲ ಪ್ಲಾಸ್ಟಿಕ್ ಟಬ್ಬಿನಲ್ಲಿ, ತೆಳ್ಳಗೆ ಕಲಸಿದ ರಾಗಿ ಗಂಜಿಯಲ್ಲಿ. ಹಿಟ್ಟು ತರುವವಳು ರೋಬೋಟು ಕಟ್ಟಿದ ವಿದ್ಯಾರ್ಥಿ ತಂಡದ ಅಂಬಿಕ. ಬೂದಿಕೋಟೆಯಿಂದ ಬೆಳಗಿನ ಬಸ್ಸಿಗೆ ಹೊರಡುವಾಗ ಅಜ್ಜಿ ಮುನಿನಾರಾಯಣಮ್ಮ ಡಬ್ಬಿ ತುಂಬಿಸಿಕೊಡುತ್ತಾ ಬಯ್ಯುತ್ತಿದ್ದಳು. "ಉಣ್ಣೋ ಇಟ್ಟನ್ನ ಕೊಚ್ಚೆ ಮಾಡ್ತಾರಂತೆ, ಇವರ ಬುದ್ಧಿಗೆ ಬೆಂಕಿ ಬೀಳ!" ಅಂಬಿಕ ನಕ್ಕು ಬಸ್ಸು ಹತ್ತುತ್ತಿದ್ದಳು.

ಸ್ಪರ್ಧೆಯಲ್ಲಿ ರೋಬೋಟಿಗಷ್ಟೇ ಅಲ್ಲ, ಸಮಾಜಸೇವೆಗೂ ಅಂಕ ಉಂಟು. ಹಾಗಾಗಿ ಶನಿವಾರ ಬಂತೆಂದರೆ ತಂಡದ ವ್ಯಾನು ಮುಚ್ಚಿಹೋದ ಚಿನ್ನದ ಗಣಿಯ ಊರು ಚಾಂಪಿಯನ್ ರೀಫ್ಸಿನ ಸರ್ಕಾರಿ ಪ್ರೌಢಶಾಲೆಗೆ ಹೊರಡುತ್ತಿತ್ತು. ಸೇವೆ ಎಂದರೆ ಏನು? ಇಳಿಯುವುದು, ಮಕ್ಕಳ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುವುದು, ಮತ್ತೆ ವ್ಯಾನಿನಲ್ಲಿ ಕೂತು ಮೊಬೈಲ್ ತಿಕ್ಕುವುದು. ಪಾಠ ಹೇಳುವ ಕೆಲಸ ಅಂಬಿಕಳ ತಲೆಗೆ ಬಿತ್ತು. ಅವಳಿಗೆ ಅದೇ ಖುಷಿ. ಒಂಬತ್ತನೆಯ ತರಗತಿಯ ಕಲ್ಪನ ಎಂಬ ಹುಡುಗಿಗೆ ರಿಮೋಟು ಹಿಡಿಯುವುದನ್ನು ಕಲಿಸಿದ್ದೇ ತಡ, ರೋಬೋಟು ಅವಳು ಹೇಳಿದಂತೆ ಕೇಳತೊಡಗಿತು. ಸರ್ ಕೂಡ ಬೆರಗಾಗಿ, "ಬೆಂಗಳೂರಿನ ಸ್ಟೇಜ್ ಮೇಲೆ ನೀನೇ ಓಡಿಸು," ಎಂದು ಮಾತು ಕೊಟ್ಟಿದ್ದರು. ಕಲ್ಪನ ಆ ಸುದ್ದಿಯನ್ನು ಗಣಿ ಕಾರ್ಮಿಕರ ಲೈನ್ ಮನೆಗಳ ಬಾಗಿಲು ಬಾಗಿಲಿಗೂ ಹೇಳಿ ಬಂದಿದ್ದಳು.

ಅವಳ ತಾಯಿ ಮಾರಿಯಮ್ಮ ಮಾತ್ರ ಮೊದಲು ಒಪ್ಪಿರಲಿಲ್ಲ. ಗಂಡ ಸೆಲ್ವರಾಜ್ ಆ ಲೈನ್‌ಗಳ ಕಕ್ಕಸು ಗುಂಡಿಗಳನ್ನು ಬಳಿಯುತ್ತಲೇ ಕೆಮ್ಮಿ ಕೆಮ್ಮಿ ಸತ್ತವನು. ಮಣ್ಣು ಮಾಡಿದ ಮಾರನೆಯ ದಿನ ಮಾರಿಯಮ್ಮ ಅವನ ಬಕೆಟ್ಟನ್ನು ಹೊತ್ತೊಯ್ದು, ಪಾಳುಬಿದ್ದ ಗಣಿ ಶಾಫ್ಟಿನ ಬಾಯಿಗೆ ಎಸೆದು, ಕೈ ತೊಳೆದುಕೊಂಡು ಬಂದಿದ್ದಳು. ಈಗ ಗಾರ್ಮೆಂಟ್ಸಿಗೆ ಹೋಗುತ್ತಾಳೆ. "ಪಾಪಾನ ಕಳಿಸ್ತೀನಿ ಕಣ್ಣು. ಆದ್ರೆ ಅವಳ ಕೈಗೆ ಬಕೆಟ್ಟು ಮಾತ್ರ ಯಾರೂ ಕೊಡಬಾರ್ದು," ಎಂದು ತನ್ನ ತಮಿಳು ಬೆರೆತ ಕನ್ನಡದಲ್ಲಿ ಅಂಬಿಕಳಿಗೆ ತಾಕೀತು ಮಾಡಿದ್ದಳು. "ನಾನಿದ್ದೀನಿ ಬುಡಕ್ಕಾ," ಎಂದು ಅಂಬಿಕ ಅವಳ ಕೈ ಹಿಡಿದು ಹೇಳಿದ್ದಳು.

ಈ ಶನಿವಾರ ವ್ಯಾನು ಶಾಲೆಗೆ ಹೋಗಲಿಲ್ಲ. ಕಲ್ಪನಳನ್ನು ಹತ್ತಿಸಿಕೊಂಡು ಲೈನ್‌ಗಳ ಹಿಂದೆ, ಗಣಿಯ ಕಸ ಸುರಿದ ಸೈನೈಡ್ ದಿಬ್ಬದ ಕಡೆಗಿನ ದೊಡ್ಡ ಚರಂಡಿಯ ಪಕ್ಕ ನಿಂತಿತು. ಸ್ಪರ್ಧೆಗೆ ಕಳಿಸುವ ವಿಡಿಯೋ ಆಗಬೇಕಿತ್ತು. ತಂಡದ ನಾಯಕಿ ಲಿಖಿತ ಕ್ಯಾಮೆರಾ ಹಿಡಿದಿದ್ದಳು. ಸರ್ ವ್ಯಾನಿನ ಹಿಂಬಾಗಿಲು ತೆಗೆದು ಒಂದು ತಗಡಿನ ಬಕೆಟ್ಟು, ಸವೆದ ಪೊರಕೆ, ಹರಕಲು ಲಂಗ ಈಚೆಗೆಳೆದರು.

"ಸಿಂಪಲ್. ಮೊದಲು ಕಲ್ಪನ ಇದನ್ನು ಹಾಕಿಕೊಂಡು ಚರಂಡಿಯಲ್ಲಿ. ಆಮೇಲೆ ಹೊಸ ಟೀಶರ್ಟು, ಕೈಯಲ್ಲಿ ರಿಮೋಟು. ಅಪ್ಪನ ಪಾಡು ಮಗಳಿಗೆ ಬರಲಿಲ್ಲ ಅಂತ ಕಥೆ. ಜಡ್ಜ್‌ಗಳು ಅತ್ತುಬಿಡಬೇಕು!"

ಥೂ! ಅಂಬಿಕಳಿಗೆ ಹೇಸಿಗೆಯಾಯಿತು. ಚರಂಡಿಯ ನಾತಕ್ಕಲ್ಲ. ದಿನಾ ಕೊಟ್ಟಿಗೆ ಬಾಚಿ ಕಾಲೇಜಿಗೆ ಬರುವ ಹುಡುಗಿ ಅವಳು, ನಾತ ಅವಳಿಗೆ ಹೊಸದಲ್ಲ. ಆ ಮನುಷ್ಯ ಎಷ್ಟು ಸಲೀಸಾಗಿ, ಮದುವೆ ಮನೆಯ ಊಟದ ವಿಚಾರ ಮಾತಾಡುವವರಂತೆ ಅದನ್ನು ಹೇಳಿದನಲ್ಲ, ಅದಕ್ಕೆ. ಯಂತ್ರಕ್ಕೆ ಗಂಜಿ, ಹುಡುಗಿಗೆ ಹೇಲು!

"ಅಮ್ಮ ಬೈತಾರೆ ಸಾರ್," ಎಂದಳು ಕಲ್ಪನ.

"ಒಂದೇ ನಿಮಿಷ ಕಣಮ್ಮ. ಬಲವಂತ ಏನಿಲ್ಲ. ಆಗಲ್ಲ ಅಂದರೆ ಸ್ಟೇಜಿಗೆ ಬೇರೆ ಯಾರನ್ನಾದರೂ ನೋಡೋಣ." ಸರ್ ನಗುನಗುತ್ತಲೇ ಹೇಳಿದರು.

ಕಲ್ಪನ ಅಂಬಿಕಳ ಮುಖ ನೋಡಿದಳು. ಅಂಬಿಕ ಸರ್ ಮುಖ ನೋಡಿದಳು. ಕಲ್ಪನ ಚಪ್ಪಲಿ ಬಿಟ್ಟು, ಯೂನಿಫಾರ್ಮಿನ ಮೇಲೆಯೇ ಹರಕಲು ಲಂಗ ಸಿಕ್ಕಿಸಿಕೊಂಡು, ಬಕೆಟ್ಟು ಎತ್ತಿಕೊಂಡು ಚರಂಡಿಯ ಅಂಚಿಗೆ ಹೋದಳು. ಕರ್ಚೀಫಿನಲ್ಲಿ ಮೂಗು ಮುಚ್ಚಿಕೊಂಡ ಲಿಖಿತ, "ಕೆನ್ನೆಗೂ ಸ್ವಲ್ಪ ಕೊಚ್ಚೆ ಹಚ್ಕೊಳ್ಳೇ, ನಿಜ ಅನ್ನಿಸಬೇಕು," ಎಂದಳು.

ಅಷ್ಟೇ. ಅಂಬಿಕ ನುಗ್ಗಿ ಬಂದು ಕಲ್ಪನಳ ಕೈಯಿಂದ ಬಕೆಟ್ಟು ಕಿತ್ತು ಬಿಸಾಡಿದಳು. "ಈಚೆ ಬಾರೇ! ಆ ಲಂಗ ಬಿಚ್ಚಾಕು ಮೊದ್ಲು!" ಎಂದವಳೇ ವ್ಯಾನಿಗೆ ಹೋಗಿ, ರೋಬೋಟನ್ನು ಎರಡೂ ಕೈಯಲ್ಲಿ ಎತ್ತಿ ತಂದು ಚರಂಡಿಯ ಕರಿನೀರಿನಲ್ಲಿ ಇಳಿಸಿದಳು. ರಿಮೋಟನ್ನು ಕಲ್ಪನಳ ಕೈಗಿತ್ತಳು.

"ಏಯ್ ಅಂಬಿಕ! ತಲೆ ಕೆಟ್ಟಿದೆಯಾ ನಿನಗೆ?" ಸರ್ ಅರಚಿದರು.

"ಕೊಚ್ಚೆ ಬಳಿಯೋಕಲ್ವಾ ಸಾರ್ ಇದನ್ನ ಮಾಡಿರೋದು? ಬಳೀಲಿ. ಕ್ಯಾಮೆರಾ ಐತಲ್ಲ, ತೆಗೀರಿ ವಿಡಿಯೋ!"

"ನಾತ ಹೋಗಲ್ಲ ಕಣೇ! ಗಾಲಿ ಸಂದಿಗೆಲ್ಲ ಮೆತ್ಕೊಳ್ಳುತ್ತೆ! ಈಗ ಇದನ್ನ ಯಾರು ತೊಳೀತಾರೆ?"

ಸರ್ ಹೀಗೆ ಕೇಳಿದ್ದೇ ತಡ, ಅವರ ಕಣ್ಣು ಕಲ್ಪನಳತ್ತ ತಿರುಗಿತು. ಲಿಖಿತಳದೂ ತಿರುಗಿತು, ವ್ಯಾನಿನ ಕಿಟಕಿಯಲ್ಲಿ ಕತ್ತು ಚಾಚಿದ್ದವರೆಲ್ಲರದೂ ತಿರುಗಿತು. ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ಎಲ್ಲರಿಗೂ ಉಗಿಯಬೇಕೆಂದು ಬಾಯಿ ತೆರೆದ ಅಂಬಿಕ ತಟ್ಟನೆ ನಿಂತಳು. ಅವಳ ಕಣ್ಣೂ ಕಲ್ಪನಳ ಮೇಲೆಯೇ ಇತ್ತು. ಅಲ್ಲಿಯವರೆಗೆ ಆ ಮನುಷ್ಯನ ಮೇಲಿದ್ದ ಹೇಸಿಗೆಯೆಲ್ಲ ಒಂದೇ ಏಟಿಗೆ ತನ್ನ ಮೇಲೆ ತಿರುಗಿ, ಅವಳು ತಲೆ ತಗ್ಗಿಸಿದಳು.

ಕಲ್ಪನ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅಂಬಿಕಳದನ್ನೂ ಬಿಡಲಿಲ್ಲ.

"ನಾನು ಓಡ್ಸೋಳು ಸಾರ್," ಎಂದಳು. "ತೊಳ್ಯೋದು ಯಾರು ಅಂತ ನೀವ್ನೀವೇ ಮಾತಾಡ್ಕೊಳ್ಳಿ."

"ಹಾಗಾದರೆ ಬೆಂಗಳೂರು ಮರೆತುಬಿಡು!"

"ಮರ್ತೆ ಸಾರ್."

ಅವಳು ರಿಮೋಟಿನ ಗುಂಡಿ ಒತ್ತಿದಳು. ರೋಬೋಟು ಕೊಚ್ಚೆಯನ್ನು ಸೀಳಿಕೊಂಡು ಮೋರಿಯ ಕೆಳಗೆ ಹೋಯಿತು.