ಜಾದೂ ಪೆಟ್ಟಿಗೆಯ ಮಖಮಲ್ಲು

ಬಟ್ಟೆ ಸಾಲಲಿಲ್ಲ ಎಂದು ಅತ್ತಿಗೆ ಹೇಳಿದಾಗಲೇ ನನ್ನ ಕಿವಿ ನೆಟ್ಟಗಾಯಿತು.

ಸೋಫಾ, ಕುರ್ಚಿಗಳಿಗೆ ಬಟ್ಟೆ ಹೊದಿಸುವ ಅಂಗಡಿ ನನ್ನದು. ಅಣ್ಣ ತೀರಿಕೊಂಡ ಮೇಲೆ ಹತ್ತು ವರ್ಷದಿಂದ ಅತ್ತಿಗೆ ಇಲ್ಲೇ ಹೊಲಿಯುತ್ತಾರೆ. ಹೋದ ತಿಂಗಳು ಒಬ್ಬ ಜಾದೂಗಾರ ಒಂದಡಿ ಚೌಕದ ಪೆಟ್ಟಿಗೆಯ ಆರೂ ಬದಿಗೆ ಕೆಂಪು ಮಖಮಲ್ಲು ಹೊದಿಸಿಕೊಂಡು ಹೋಗಿದ್ದ. ಈ ಸಲ ಉದ್ದ, ಅಗಲ, ಎತ್ತರ ಎಲ್ಲವೂ ಎರಡಡಿ ಇರುವ ಪೆಟ್ಟಿಗೆ ತಂದ. ಎರಡರಷ್ಟು ಪೆಟ್ಟಿಗೆಗೆ ಎರಡರಷ್ಟು ಬಟ್ಟೆ ಎಂದು ನಾನೇ ಅಳೆದು ಕೊಟ್ಟೆ. ಈಗ ನೋಡಿದರೆ ಮೂರು ಬದಿ ಮಖಮಲ್ಲು, ಮೂರು ಬದಿ ಬೋಳು ಹಲಗೆ.

"ಇನ್ನೂ ಇಷ್ಟೇ ಬೇಕು ಕಣಪ್ಪ."

"ಎರಡರಷ್ಟು ಕೊಟ್ಟಿದ್ದೀನಲ್ಲ ಅತ್ತಿಗೆ! ಮಾಯ ಮಾಡೋಕೆ ಜಾದೂಗಾರ ಇನ್ನೂ ಬಂದೇ ಇಲ್ವಲ್ಲ?"

ಅವರು ಕತ್ತರಿ ಕೆಳಗಿಟ್ಟು ಮನೆಗೆ ಹೊರಟರು. ಕದಿಯುವವರು ಅತ್ತಿಗೆಯಾದರೇನು, ನಾಳೆಯೇ ಅಂಗಡಿ ಬಿಡಿಸುತ್ತೇನೆ ಎಂದು ರಾತ್ರಿ ಹೆಂಡತಿಗೆ ಹೇಳಿದೆ.

ಮರುದಿನ ಬೆಳಿಗ್ಗೆ ಅತ್ತಿಗೆಯ ಚೀಲ ಉಬ್ಬಿತ್ತು. ಬಂದವರೇ ಅದನ್ನು ಕಾಲಿನಿಂದ ಮೆಷಿನ್ ಕೆಳಗೆ ತಳ್ಳಿದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಹೆದರಿ ವಾಪಸ್ ತಂದಿದ್ದಾರೆ ಎಂದುಕೊಂಡೆ. ಅವರು ನೀರಿಗೆ ಹೋದದ್ದೇ ತಡ, ಚೀಲಕ್ಕೆ ಕೈ ಹಾಕಿದೆ. ಕೆಂಪು ಮಖಮಲ್ಲು ಬಂತು. ತಲೆಯೆತ್ತಿದರೆ ಅತ್ತಿಗೆ ನೀರಿನ ಬಿಂದಿಗೆ ಹಿಡಿದು ಬಾಗಿಲಲ್ಲೇ ನಿಂತಿದ್ದರು.

"ಸಿಕ್ತಲ್ಲ!" ಎಂದೆ.

ರುಜುವಾತು ಮಾಡಿಯೇ ಬಿಡುವ ಹಟ ನನಗೆ. ಚಿಕ್ಕ ಪೆಟ್ಟಿಗೆಗೆ ಕತ್ತರಿಸಿದ್ದ ಆರು ಕಾಗದದ ಅಳತೆಗಳು ಮೊಳೆಗೆ ನೇತಾಡುತ್ತಿದ್ದವು. ಎಳೆದು ತಂದು ದೊಡ್ಡ ಪೆಟ್ಟಿಗೆಯ ಮುಂಬದಿಗೆ ಒಂದನ್ನು ಹಚ್ಚಿದೆ. ಪಕ್ಕಕ್ಕೆ ಇನ್ನೊಂದು. ಅರ್ಧ ಹಲಗೆ ಖಾಲಿಯೇ ಉಳಿದಿತ್ತು. ಕೆಳಗೆ ಮತ್ತೆರಡು. ಒಂದೇ ಬದಿಗೆ ನಾಲ್ಕು! ಉದ್ದವೂ ಎರಡರಷ್ಟು, ಅಗಲವೂ ಎರಡರಷ್ಟು. ಬಟ್ಟೆ ನಾಲ್ಕರಷ್ಟು ಬೇಕಿತ್ತು. ನಾನು ಕೊಟ್ಟದ್ದು ಅದರಲ್ಲಿ ಅರ್ಧ.

ಹಾಗಾದರೆ ಚೀಲದಲ್ಲಿದ್ದದ್ದು? ಬಿಡಿಸಿ ನೋಡಿದೆ. ಒಂದಂಚಿಗೆ ಸಾಲಾಗಿ ಹಿತ್ತಾಳೆಯ ರಿಂಗುಗಳು, ನಡುವೆ ಬಿಸಿಲಿಗೆ ಮಾಸಿದ ಪಟ್ಟಿ. ಅಣ್ಣ ತನ್ನ ಕೈಯಾರೆ ಹೊಲಿದು ಅವರ ಮನೆಯ ಕಿಟಕಿಗೆ ಹಾಕಿದ್ದ ಪರದೆ.

"ಇವತ್ತು ಸಂಜೆ ಕೊಡ್ತೀನಿ ಅಂತ ಜಾದೂಗಾರನಿಗೆ ಒಪ್ಕೊಂಡಿದ್ಯಲ್ಲ," ಅತ್ತಿಗೆ ಹೇಳಿದರು. "ತಳಕ್ಕೂ ಹಿಂದಕ್ಕೂ ಒಂದು ಪಕ್ಕಕ್ಕೂ ಆಗ್ಲಿ ಅಂತ ತಂದೆ."

"ತಪ್ಪಾಯ್ತು ಅತ್ತಿಗೆ." ನಾಚಿಕೆಯಿಂದ ಅವರ ಮುಖ ನೋಡಲಾಗಲಿಲ್ಲ.

ಅವರು ಬಿಂದಿಗೆ ಕೆಳಗಿಟ್ಟರು. ಚೀಲವನ್ನು ಮೇಜಿನ ಮೇಲೆ ತಲೆಕೆಳಗು ಮಾಡಿ ಕೊಡವಿದರು. ಬಾಚಣಿಗೆ, ಕನ್ನಡಕ, ಊಟದ ಡಬ್ಬಿ ಬಿದ್ದವು. ಡಬ್ಬಿಯ ಮುಚ್ಚಳವನ್ನೂ ತೆಗೆದು ತೋರಿಸಿದರು.

"ಎಲ್ಲಾ ನೋಡ್ಕೊಂಡ್ಯಲ್ಲ? ಇನ್ನು ಹೋಗ್ಲಾ?"